ವಾರದ ತೋರಾ ಪಾಠಕ್ಕೆ ಒಗಟು ಕಟ್ಟುವುದು ಹೇಗೆ?

ಯಹೂದಿ ಮನೆಗಳಲ್ಲಿ ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಆ ವಾರ ಓದಬೇಕಾದ ತೋರಾ (ಯಹೂದಿಗಳ ಮೂಲ ಧರ್ಮಗ್ರಂಥ) ಭಾಗದ ಬಗ್ಗೆ ಮಕ್ಕಳನ್ನು ಮಾತಿಗೆಳೆಯುವುದು ರೂಢಿ. ಈ ಕೆಲಸಕ್ಕೆ ಒಗಟು ಮತ್ತು ಚಿತ್ರಗಳಷ್ಟು ಒದಗಿಬರುವ ಸಾಧನ ಬೇರೆ ಇಲ್ಲ. ಅವುಗಳನ್ನು ಕೆಡಿಸುವುದೂ ಅಷ್ಟೇ ಸುಲಭ. ಎಷ್ಟೋ ಕಡೆ ಒಗಟಿನ ಹೆಸರಿನಲ್ಲಿ ನಡೆಯುವುದು ಬಾಯಿಪಾಠದ ಪರೀಕ್ಷೆಯೇ ಆಗಿರುತ್ತದೆ: ಜಲಪ್ರಳಯದ ಕಥೆಯ ನೋಹನಿಗೆ ಎಷ್ಟು ಮಂದಿ ಮಕ್ಕಳು, ಮಳೆ ಎಷ್ಟು ದಿನ ಸುರಿಯಿತು, ಕಾಗೆಯ ನಂತರ ಯಾವ ಹಕ್ಕಿಯನ್ನು ಬಿಟ್ಟರು. ಗೊತ್ತಿರುವ ಮಗು ಥಟ್ಟನೆ ಹೇಳಿಬಿಡುತ್ತದೆ, ಗೊತ್ತಿಲ್ಲದ ಮಗು ತಟ್ಟೆಯನ್ನು ನೋಡುತ್ತ ಕೂರುತ್ತದೆ, ಇಬ್ಬರೂ ಪುಸ್ತಕ ತೆರೆಯುವುದಿಲ್ಲ. ಉತ್ತರ ಕಂಡುಕೊಳ್ಳಲು ಮಗು ಮೂಲದ ವಚನಕ್ಕೆ ಮರಳಲೇಬೇಕಾದರೆ ಮಾತ್ರ ಅದು ಈ ಪಾಠಕ್ಕೆ ತಕ್ಕ ಒಗಟು.

ಮೊದಲ ಹಂತ: ಭಾಗವನ್ನು ಗುರುತಿಸಿ, ಪೂರ್ತಿ ಓದಿ

ತೋರಾದ ಐದು ಪುಸ್ತಕಗಳನ್ನು 54 ಭಾಗಗಳಾಗಿ ವಿಂಗಡಿಸಿದ್ದಾರೆ. ಒಂದೊಂದನ್ನೂ ಪರಾಶಾ ಎನ್ನುತ್ತಾರೆ. ಶರತ್ಕಾಲದ ಸಿಮ್ಹತ್ ತೋರಾ ಹಬ್ಬದಂದು ಒಂದು ಸುತ್ತು ಮುಗಿದು ಮತ್ತೊಂದು ಆರಂಭವಾಗುತ್ತದೆ, ವಾರಗಳು ಸಾಲದ ವರ್ಷಗಳಲ್ಲಿ ಕೆಲವು ಭಾಗಗಳನ್ನು ಜೋಡಿಯಾಗಿ ಓದುತ್ತಾರೆ. ಇಸ್ರೇಲಿನ ಪಟ್ಟಿಯೂ ಹೊರದೇಶಗಳ ಪಟ್ಟಿಯೂ ಕೆಲವು ವಾರ ಬೇರೆಬೇರೆಯಾಗುವುದರಿಂದ ನಿಮ್ಮ ಸಿನಗಾಗಿನ (ಯಹೂದಿ ಪ್ರಾರ್ಥನಾಮಂದಿರದ) ಪಂಚಾಂಗವನ್ನೇ ನೋಡಿರಿ. ಭಾಗವನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಓದಿರಿ; ಸಾರಾಂಶ ಓದಿ ಒಗಟು ಕಟ್ಟಲು ಹೊರಟವರ ಒಗಟುಗಳೂ ಸಾರಾಂಶದಂತೆಯೇ ಸಪ್ಪೆಯಾಗಿರುತ್ತವೆ.

ಎರಡನೆಯ ಹಂತ: ಎಡವುವ ಜಾಗಗಳನ್ನು ಗುರುತುಮಾಡಿಕೊಳ್ಳಿ

ಓದುವಾಗ ನಿಮ್ಮ ಕಣ್ಣು ಎಡವಿದ ಜಾಗಗಳಿಗೆ ಗೆರೆ ಎಳೆಯಿರಿ. ಒಂದೇ ಮಾತು ಎರಡು ಸಲ ಬಂದಿರಬಹುದು, ಇರಬೇಕಾದದ್ದು ಇಲ್ಲದಿರಬಹುದು, ಒಂದು ವಚನ ಇನ್ನೊಂದಕ್ಕೆ ಒಗ್ಗದಿರಬಹುದು. ಅಂಥ ಮೂರು ಸಿಕ್ಕರೆ ಒಂದು ಊಟಕ್ಕೆ ಧಾರಾಳ.

ಮೂರನೆಯ ಹಂತ: ಒಗಟು ಕಟ್ಟುವುದು

ಬಹುತೇಕ ಮಂದಿ ಸೋಲುವುದು ಇಲ್ಲಿಯೇ. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಎಂಬ ನಮ್ಮ ಮಲ್ಲಿಗೆಯ ಒಗಟನ್ನು ನೆನೆಯಿರಿ. ಅಲ್ಲಿ ಸುಳ್ಳಿಲ್ಲ, ಹೆಸರಿಲ್ಲ, ಪ್ರಶ್ನೆಯೂ ಇಲ್ಲ. ಗಿಡದ ಮೇಲೆ ಮೊಸರು ಹೇಗೆ ಬಂತು ಎಂಬ ಇರಿಸುಮುರಿಸು ಮಾತ್ರ ಇದೆ. ತೋರಾದ ಒಗಟಿಗೂ ಬೇಕಾದದ್ದು ಅದೇ ಇರಿಸುಮುರಿಸು, ಆದರೆ ಅದು ಮೂಲದ ಮಾತುಗಳಿಂದಲೇ ಹುಟ್ಟಬೇಕು.

ವಯೇತ್ಸೇ ಭಾಗದಲ್ಲಿ ಯಾಕೋಬನು ಮನೆಬಿಟ್ಟು ಹೋಗುವಾಗ ದಾರಿಯಲ್ಲಿ ಮಲಗುವ ಪ್ರಸಂಗವನ್ನು ತೆಗೆದುಕೊಳ್ಳೋಣ. 'ಯಾಕೋಬನ ತಲೆಯ ಕೆಳಗೆ ಏನಿತ್ತು?' ಎಂದರೆ ಅದು ಪರೀಕ್ಷೆ. 'ನಾನು ಗಟ್ಟಿ, ಆದರೂ ನಾನೊಂದು ದಿಂಬು' ಎಂದರೆ ರೂಪವೇನೋ ಒಗಟಿನದು, ಆದರೆ ತೋರಾವನ್ನು ಮುಟ್ಟದ ಮಗುವೂ ಕಲ್ಲು ಎಂದು ಊಹಿಸಬಲ್ಲದು. ಈಗ ಮೂಲವನ್ನು ನೋಡಿರಿ: ತೋರಾದ ಮೊದಲ ಪುಸ್ತಕವಾದ ಆದಿಕಾಂಡದ 28ನೇ ಅಧ್ಯಾಯದ 11ನೇ ವಚನದಲ್ಲಿ ಅವನು ಆ ಸ್ಥಳದ ಕಲ್ಲುಗಳಿಂದ ತಲೆಗೆ ಆಸರೆ ಮಾಡಿಕೊಳ್ಳುತ್ತಾನೆ, 18ನೇ ವಚನದಲ್ಲಿ ಬೆಳಗ್ಗೆ ಎದ್ದು ಎತ್ತಿ ನಿಲ್ಲಿಸುವುದು ಒಂದೇ ಕಲ್ಲನ್ನು. ಈ ಬಿರುಕೇ ನಿಮ್ಮ ಒಗಟು: 'ರಾತ್ರಿ ನಾವು ಹಲವರು, ಬೆಳಗ್ಗೆ ನಾನೊಬ್ಬನೇ; ಯಾರೂ ಸಾಯಲಿಲ್ಲ, ಯಾರೂ ಓಡಿಹೋಗಲಿಲ್ಲ.' ಮಗು ಎರಡು ವಚನಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಸಿಕ್ಕ ಮೇಲೆ ಮಾತ್ರ ಫ್ರಾನ್ಸಿನ ತ್ರ್ವಾ ಪಟ್ಟಣದಲ್ಲಿದ್ದ ವ್ಯಾಖ್ಯಾನಕಾರ ರಾಶಿ (1040–1105) ಉಲ್ಲೇಖಿಸುವ ಕಥೆಯನ್ನು ಹೇಳಿರಿ: ಆ ಸಜ್ಜನನು ನನ್ನ ಮೇಲೆಯೇ ತಲೆಯಿಡಲಿ ಎಂದು ಕಲ್ಲುಗಳು ಜಗಳವಾಡಿದವು, ದೇವರು ಅವನ್ನೆಲ್ಲ ಒಂದೇ ಕಲ್ಲಾಗಿಸಿದನು. ಮೊದಲೇ ಈ ಕಥೆ ಹೇಳಿದರೆ ಅದು ಬರೀ ಕಥೆ, ಒಗಟಿನ ನಂತರ ಹೇಳಿದರೆ ಅದೊಂದು ಸಮಾಧಾನ. ಮಗುವಿನ ಕೈಯಲ್ಲಿರುವ ಅನುವಾದವನ್ನು ಮೊದಲೇ ಪರಿಶೀಲಿಸಿಕೊಳ್ಳಿ; ಕೆಲವು ಅನುವಾದಗಳು 11ನೇ ವಚನದಲ್ಲೇ 'ಕಲ್ಲುಗಳಲ್ಲಿ ಒಂದನ್ನು' ಎಂದು ಬರೆದು ಬಿರುಕನ್ನು ಮುಚ್ಚಿಬಿಟ್ಟಿವೆ, ಅವುಗಳ ಎದುರು ಈ ಒಗಟು ನಿಲ್ಲುವುದಿಲ್ಲ.

ಇಲ್ಲದಿರುವುದನ್ನು ಹಿಡಿದು ಕಟ್ಟುವ ಒಗಟು ಇನ್ನೂ ಸೊಗಸು. ಮಹಾಯಾಜಕನ ಉಡುಪನ್ನು ವಿವರಿಸುವ ತೆತ್ಸವೆ ಭಾಗದಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆಯ ಹೆಸರು ಒಮ್ಮೆಯೂ ಬರುವುದಿಲ್ಲ, ಆದರೆ ಅಲ್ಲಿರುವ ಆಜ್ಞೆಗಳೆಲ್ಲ 'ನೀನು' ಎಂದು ಅವನನ್ನೇ ಕುರಿತವು. 'ಈ ವಾರವಿಡೀ ಮಾತೆಲ್ಲ ನನ್ನೊಡನೆಯೇ. ನನ್ನ ಹೆಸರು ಮಾತ್ರ ಎಲ್ಲಿಯೂ ಇಲ್ಲ' ಎಂದು ಕೇಳಿದರೆ ದೊಡ್ಡವರೂ ಪುಟ ತಿರುವುತ್ತಾರೆ. ಬಾಲಾಕ್ ಭಾಗಕ್ಕೆ 'ನೋಟಕ್ಕೆ ಹೆಸರಾದವನಿಗೆ ಕಾಣಲಿಲ್ಲ, ಅವನನ್ನು ಹೊತ್ತವಳಿಗೆ ಮೂರು ಸಲ ಕಂಡಿತು, ಮೂರು ಸಲವೂ ಪೆಟ್ಟು ತಿಂದಳು' ಎಂದರೆ ಸಾಕು, ದಾರಿಗಡ್ಡ ನಿಂತ ದೇವದೂತನನ್ನು ಕಂಡ, ದರ್ಶಕ ಬಿಳಾಮನ ಹೆಣ್ಣುಕತ್ತೆ ತಾನಾಗಿಯೇ ಬಾಯಿ ತೆರೆಯುತ್ತದೆ.

ಕಟ್ಟಿದ ಒಗಟನ್ನು ಎರಡು ಕಡೆ ಒರೆಗೆ ಹಚ್ಚಿರಿ. ಭಾಗವನ್ನು ಓದದವರು ಬಿಡಿಸಿದರೆ ಅದು ಸಡಿಲವಾಗಿದೆ. ಓದಿದವರು ನೀವು ಎಣಿಸದ ಇನ್ನೊಂದು ಉತ್ತರ ಕೊಟ್ಟು, ಆ ಉತ್ತರವೂ ಸರಿಹೊಂದಿದರೆ ಒಗಟಿಗೆ ಇನ್ನೊಂದು ಗಂಟು ಬೇಕು. ಹೇಳುವವನಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಒಗಟಾಗಿಸಬೇಡಿ. ಹೀಬ್ರೂ ಬೈಬಲಿನ 'ನ್ಯಾಯಸ್ಥಾಪಕರು' ಪುಸ್ತಕದ 14ನೇ ಅಧ್ಯಾಯದಲ್ಲಿ ಸಂಸೋನನು ತನ್ನ ಮದುವೆಯ ಔತಣದಲ್ಲಿ ಒಡ್ಡಿದ ಒಗಟಿನ ಕೀರ್ತಿ ದೊಡ್ಡದು, ಆದರೆ ನನ್ನ ಮಟ್ಟಿಗೆ ಅದು ನ್ಯಾಯವಾದ ಒಗಟಲ್ಲ. ಸತ್ತ ಸಿಂಹದ ದೇಹದಲ್ಲಿ ಜೇನು ಕಟ್ಟಿದ್ದನ್ನು ಕಂಡವನು ಅವನೊಬ್ಬನೇ, ಅತಿಥಿಗಳಿಗೆ ಅವನ ಹೆಂಡತಿಯನ್ನು ಬೆದರಿಸದೆ ಬೇರೆ ದಾರಿಯಿರಲಿಲ್ಲ. ಪ್ರಾಸದ ಹಿಂದೆಯೂ ಬೀಳಬೇಡಿ. ಪ್ರಾಸಕ್ಕಾಗಿ ತುರುಕಿದ ಒಂದು ಪದ ಮಗುವನ್ನು ತಪ್ಪು ವಚನಕ್ಕೆ ಕಳಿಸುತ್ತದೆ.

ನಾಲ್ಕನೆಯ ಹಂತ: ಚಿತ್ರಗಳು

ಇನ್ನೂ ಓದಲು ಬಾರದ ಮಕ್ಕಳಿಗೆ ಚಿತ್ರ ಬೇಕು. ಅಂಗಡಿಯ ಕಾರ್ಡುಗಳನ್ನು ಕೊಳ್ಳುವ ಮೊದಲು ಒಂದು ಸಲ ಮೂಲದೊಂದಿಗೆ ಹೋಲಿಸಿರಿ. ಆದಾಮ ಹವ್ವರ ಏದೆನ್ ತೋಟದ ಚಿತ್ರವೆಂದರೆ ಸೇಬು ಇದ್ದೇ ಇರುತ್ತದೆ. ತೋರಾದಲ್ಲಿರುವುದು 'ಹಣ್ಣು' ಎಂದಷ್ಟೇ, ತಾಲ್ಮುದಿನ (ಯಹೂದಿ ಧರ್ಮಚರ್ಚೆಗಳ ಪ್ರಾಚೀನ ಸಂಗ್ರಹ) ಪಂಡಿತರು ದ್ರಾಕ್ಷಿ, ಅಂಜೂರ, ಗೋಧಿ ಎಂದೆಲ್ಲ ಚರ್ಚಿಸಿದ್ದಾರೆಯೇ ಹೊರತು ಸೇಬಿನ ಮಾತು ಅಲ್ಲಿಲ್ಲ. ನೋಹನ ನಾವೆಯನ್ನು ಜಿರಾಫೆಯ ಕತ್ತು ಹೊರಚಾಚಿದ ಗುಂಡು ದೋಣಿಯಾಗಿ ಬರೆಯುತ್ತಾರೆ; ಮೂಲದಲ್ಲಿರುವುದು 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರದ ಮೂರು ಅಂತಸ್ತಿನ ಕಟ್ಟಡ. ಪ್ರಾಣಿಗಳೆಲ್ಲ ಎರಡೆರಡೇ ಬರುತ್ತಿರುವಂತೆ ತೋರಿಸುತ್ತಾರೆ, ಶುದ್ಧಪ್ರಾಣಿಗಳು ಏಳೇಳು ಜೋಡಿ ಎಂಬುದನ್ನು ಮರೆಯುತ್ತಾರೆ. ಆರಾಧನೆಯ ಗುಡಾರದ ದೀಪಸ್ತಂಭಕ್ಕೆ ಏಳು ದೀಪಗಳಿರಬೇಕಾದ ಜಾಗದಲ್ಲಿ ಹನುಕ್ಕಾ ಹಬ್ಬದ ಒಂಬತ್ತು ದೀಪಗಳನ್ನು ಉರಿಸಿಬಿಡುತ್ತಾರೆ. ಕಂಪ್ಯೂಟರಿಗೆ ಹೇಳಿ ಬರೆಸಿದ ಚಿತ್ರಗಳನ್ನಂತೂ ದೀಪಗಳನ್ನು ಎಣಿಸದೆ ಬಳಸಲೇಬೇಡಿ. ಕೈಯಲ್ಲಿ ಬರೆದ ಕಡ್ಡಿಚಿತ್ರವೇ ನನ್ನ ಆಯ್ಕೆ, ಅದರಲ್ಲಿ ನೀವು ಬೇಕೆಂದು ಬರೆದದ್ದಷ್ಟೇ ಇರುತ್ತದೆ.

ಅಂಗಡಿಯ ಕಾರ್ಡು ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ. 'ಈ ಚಿತ್ರದಲ್ಲಿ ಮೂಲಕ್ಕೆ ಒಪ್ಪದ್ದು ಯಾವುದು?' ಎಂದು ಕೇಳಿರಿ, ಅದೇ ಒಳ್ಳೆಯ ಚಿತ್ರ ಒಗಟು. ನೀವೇ ಬೇಕೆಂದು ತಪ್ಪು ಚಿತ್ರ ಬರೆಯಲೂಬಹುದು. ವಯೇಶೇವ್ ಭಾಗಕ್ಕೆ, ಅಣ್ಣಂದಿರು ಯೋಸೇಫನನ್ನು ನೀರು ತುಂಬಿದ ಗುಂಡಿಗೆ ಹಾಕುತ್ತಿರುವಂತೆ ಬರೆಯಿರಿ. ಗುಂಡಿ ಬರಿದಾಗಿತ್ತು, ಅದರಲ್ಲಿ ನೀರಿರಲಿಲ್ಲ ಎಂದು ಆದಿಕಾಂಡದ 37ನೇ ಅಧ್ಯಾಯದ 24ನೇ ವಚನ ಹೇಳುತ್ತದೆ. ತಪ್ಪು ಹಿಡಿದ ಮಗುವಿಗೆ ಮುಂದಿನ ಪ್ರಶ್ನೆ ಹಾಕಿರಿ: ಬರಿದು ಎಂದ ಮೇಲೆ ನೀರಿರಲಿಲ್ಲ ಎಂದು ಮತ್ತೆ ಹೇಳಿದ್ದೇಕೆ? ನೀರಿರಲಿಲ್ಲ, ಹಾವು ಚೇಳುಗಳಿದ್ದವು ಎಂಬುದು ರಾಶಿ ಕೊಡುವ ಉತ್ತರ. ಈ ಉತ್ತರಕ್ಕೆ ಮಕ್ಕಳ ಕಣ್ಣು ಅರಳದ ಮನೆಯನ್ನು ನಾನು ಕಂಡಿಲ್ಲ.

ಅದೇ ಭಾಗದಲ್ಲಿ ಈಜಿಪ್ಟಿನ ರಾಜ ಫರೋಹನ ಪಾನಸೇವಕನ ಮತ್ತು ಅಡಿಗೆಭಟ್ಟನ ಕನಸುಗಳಿವೆ, ಅವು ಹುಟ್ಟಿನಿಂದಲೇ ಚಿತ್ರ ಒಗಟುಗಳು. ಒಂದರಲ್ಲಿ ದ್ರಾಕ್ಷಿಬಳ್ಳಿಯ ಮೂರು ಕೊಂಬೆ, ಇನ್ನೊಂದರಲ್ಲಿ ತಲೆಯ ಮೇಲೆ ಮೂರು ಬುಟ್ಟಿ. ಪಕ್ಕಪಕ್ಕ ಬರೆದು, ಒಬ್ಬನು ಬದುಕಿ ಇನ್ನೊಬ್ಬನು ಸತ್ತದ್ದೇಕೆ ಎಂಬ ಸುಳಿವನ್ನು ಚಿತ್ರದಲ್ಲೇ ಹುಡುಕಲು ಬಿಡಿರಿ. ಪಾನಸೇವಕನು ಹಣ್ಣು ಹಿಂಡಿ ಬಟ್ಟಲನ್ನು ಫರೋಹನ ಕೈಗೆ ಕೊಡುತ್ತಾನೆ, ಅಡಿಗೆಭಟ್ಟನ ಬುಟ್ಟಿಯಿಂದ ಹಕ್ಕಿಗಳು ತಿನ್ನುತ್ತವೆ. ಇದನ್ನು ಗಮನಿಸಿದ ಮಗುವಿಗೆ ಮುಂದಿನ ವಾರದ ಕೊಬ್ಬಿದ ಹಸು, ಬಡಕಲು ಹಸುಗಳ ಕನಸು ಕಷ್ಟವಾಗುವುದಿಲ್ಲ.

ದೇವರನ್ನು ಮಾತ್ರ ಚಿತ್ರಿಸಬೇಡಿ, ಅದು ಹತ್ತು ಆಜ್ಞೆಗಳಿಗೇ ವಿರುದ್ಧ. ದೇವರು ಮೋಶೆಯೊಡನೆ ಮಾತಾಡಿದ ಉರಿಯುವ ಪೊದೆಯ ಪ್ರಸಂಗಕ್ಕೆ ಪೊದೆ, ಬೆಂಕಿ, ಕಳಚಿಟ್ಟ ಕೆರ ಸಾಕು.

ಐದನೆಯ ಹಂತ: ಸೂರ್ಯಾಸ್ತಕ್ಕೆ ಮುಂಚೆ ಮುಗಿಸಿ

ಶಬ್ಬಾತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿದಿನ) ಆರಂಭವಾದ ಮೇಲೆ ಬರೆಯುವುದು, ಅಳಿಸುವುದು, ಅಳತೆಗೆ ಕತ್ತರಿಸುವುದು ನಿಷಿದ್ಧ. ಆದ್ದರಿಂದ ಶುಕ್ರವಾರದ ಊಟಕ್ಕೆ ಪದಬಂಧ, ಚುಕ್ಕಿ ಸೇರಿಸುವ ಹಾಳೆ, ಬಣ್ಣ ತುಂಬುವ ಚಿತ್ರ ಯಾವುದೂ ಒದಗುವುದಿಲ್ಲ. ಮುದ್ರಿತ ಹಾಳೆಗಳ ಪುಸ್ತಕ ಮಾರುವವರು ಇದನ್ನು ಹೇಳುವುದಿಲ್ಲ. ಕಾರ್ಡುಗಳನ್ನು ಮೊದಲೇ ಕತ್ತರಿಸಿ, ಉತ್ತರವನ್ನು ಬೆನ್ನಿನ ಮೇಲೆ ಬರೆದಿಡಿರಿ. ಮಕ್ಕಳು ಜೋಡಿಸಿ ತೋರಿಸಿದರೆ ಸಾಕು. ತುಂಡುಗಳು ಒಂದಕ್ಕೊಂದು ಬಿಗಿದುಕೊಳ್ಳುವ ಚಿತ್ರಗಳ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ, ನಿಮ್ಮ ಧರ್ಮಗುರು ರಬ್ಬಿಯನ್ನೇ ಕೇಳಿರಿ.

ಆರನೆಯ ಹಂತ: ಮೇಜಿನ ಬಳಿ

ಚಿಕ್ಕ ಮಗುವಿನಿಂದ ಆರಂಭಿಸಿರಿ. ಉತ್ತರ ಬಂದೊಡನೆ 'ಸರಿ' ಎನ್ನದೆ 'ಎಲ್ಲಿ ಬರೆದಿದೆ?' ಎಂದು ಕೇಳಿ ಹುಮಾಷ್ (ತೋರಾದ ಐದು ಪುಸ್ತಕಗಳ ಮುದ್ರಿತ ಪ್ರತಿ) ಪುಸ್ತಕವನ್ನು ಮುಂದಿಡಿರಿ. ಮೌನಕ್ಕೆ ಹೆದರಿ ದೊಡ್ಡವರು ಬೇಗ ಉತ್ತರ ಹೇಳಿಬಿಡುವುದೇ ಇಲ್ಲಿನ ದೊಡ್ಡ ತೊಂದರೆ. ಬಿಡಿಸಲಾಗದ ಒಗಟನ್ನು ಮರುದಿನ ಬೆಳಗಿನ ಸಿನಗಾಗಿಗೆ ಉಳಿಸಿರಿ, ಓದುವಾಗ ಮಗು ಆ ವಚನಕ್ಕಾಗಿ ಕಿವಿಗೊಟ್ಟು ಕುಳಿತಿರುತ್ತದೆ. ಬೆಶಲಾಖ್ ಭಾಗದ ವಾರ ಬೇರೆ ಸಾಮಗ್ರಿಯೇ ಬೇಡ. ಮೇಜಿನ ಮೇಲಿರುವ ಶಬ್ಬಾತಿನ ಎರಡು ಹಲ್ಲಾ ರೊಟ್ಟಿಗಳನ್ನು ತೋರಿಸಿ ಒಂದರ ಬದಲು ಎರಡೇಕೆ ಎಂದು ಕೇಳಿರಿ. ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರವಾದ ಮನ್ನ ಆರನೆಯ ದಿನ ಇಮ್ಮಡಿ ಸಿಕ್ಕಿದ ವಿಮೋಚನಕಾಂಡದ 16ನೇ ಅಧ್ಯಾಯಕ್ಕೆ ಮಗು ತಾನೇ ಹೋಗುತ್ತದೆ.

ಕಾನೂನುಗಳೇ ತುಂಬಿದ ಮಿಶ್ಪಾತೀಮ್‌ನಂಥ ಭಾಗಗಳನ್ನು ಕಂಡು ಕೈಚೆಲ್ಲಬೇಡಿ. ಒಬ್ಬನ ಎತ್ತು ಇನ್ನೊಬ್ಬನ ಎತ್ತನ್ನು ತಿವಿದು ಕೊಂದರೆ ಬದುಕಿದ್ದನ್ನು ಮಾರಿ ಹಣವನ್ನೂ, ಸತ್ತದ್ದನ್ನೂ ಇಬ್ಬರೂ ಹಂಚಿಕೊಳ್ಳಬೇಕು ಎಂಬ ನಿಯಮ ಅಲ್ಲಿದೆ. ಎರಡು ಎತ್ತುಗಳ ಚಿತ್ರ ಬರೆದು, ಬೆಲೆ ಹಾಕಿ, ಮಕ್ಕಳನ್ನು ನ್ಯಾಯಾಧೀಶರನ್ನಾಗಿ ಮಾಡಿರಿ. ತಿವಿಯುವ ಚಾಳಿ ಮೊದಲೇ ಗೊತ್ತಿದ್ದರೆ ತೀರ್ಪು ಬದಲಾಗುತ್ತದೆ, ಆ ವಚನವನ್ನು ಅವರೇ ಹುಡುಕಲಿ.

ಹಾಳೆಗಳ ಮೇಲೆ ಹೀಬ್ರೂವಿನಲ್ಲಿ ದೇವರ ಹೆಸರನ್ನು ಬರೆಯದಿರಿ. ಬರೆದರೆ ಅವನ್ನು ಕಸಕ್ಕೆ ಹಾಕುವಂತಿಲ್ಲ, ಸಿನಗಾಗಿನ ಗೆನಿಜಾಕ್ಕೆ (ಹಳೆಯ ಪವಿತ್ರ ಬರಹಗಳನ್ನು ಎತ್ತಿಡುವ ಜಾಗ) ಒಪ್ಪಿಸಬೇಕಾಗುತ್ತದೆ. ಉಳಿದ ಕಾರ್ಡುಗಳನ್ನು ಭಾಗದ ಹೆಸರು ಬರೆದ ಲಕೋಟೆಯಲ್ಲಿ ಎತ್ತಿಡಿ, ಮುಂದಿನ ವರ್ಷ ತಮ್ಮ ತಂಗಿಯರಿಗೆ ಅವನ್ನು ಕೇಳುವ ಕೆಲಸವನ್ನು ಈ ವರ್ಷ ಬಿಡಿಸಿದ ಮಕ್ಕಳಿಗೇ ಕೊಡಿ.