ಅಪ್ರೆಂಟಿಸ್ ಆಗುವ ಮುನ್ನ: ನಿಮ್ಮ ಹಂತ ಯಾವುದು?

ಅಪ್ರೆಂಟಿಸ್, ಅಂದರೆ ಸಂಸ್ಥೆಯೊಂದರಲ್ಲಿ ಭತ್ಯೆ ಪಡೆಯುತ್ತ ಕೆಲಸ ಕಲಿಯುವುದು, ಐಟಿಐ ಹುಡುಗರಿಗೆ ಮಾತ್ರ ಎಂಬ ನಂಬಿಕೆ ಕೊಡಗಿನಲ್ಲಿ ಇನ್ನೂ ಗಟ್ಟಿಯಾಗಿದೆ. ಹೀಗಾಗಿ ಡಿಗ್ರಿ ಮುಗಿಸಿದವರು ಆ ಕಡೆ ನೋಡುವುದೇ ಇಲ್ಲ. ನೋಡಿದವರಲ್ಲೂ ಕೆಲವರು ಸಿಕ್ಕಿದ್ದಕ್ಕೆ ಸಹಿ ಹಾಕಿ, ತಮ್ಮ ಓದಿಗಿಂತ ಕೆಳಗಿನ ಹಂತದಲ್ಲಿ ಕೂರುತ್ತಾರೆ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ, ಇಲ್ಲಿ ಹಾಗಲ್ಲ. ಒಮ್ಮೆ ಅಪ್ರೆಂಟಿಸ್ ತರಬೇತಿ ಪಡೆದವರಿಗೆ ಪದವೀಧರರ ಯೋಜನೆಯಲ್ಲಿ ಮತ್ತೆ ಅವಕಾಶವಿಲ್ಲ. ಒಂದು ವರ್ಷ ಅಥವಾ ಹೆಚ್ಚು ಕೆಲಸದ ಅನುಭವ ಇದ್ದರೂ ಅಲ್ಲಿ ಅರ್ಜಿ ನಿಲ್ಲುವುದಿಲ್ಲ. ಹಾಗಾಗಿ ಕಂಪನಿ ಹುಡುಕುವುದಕ್ಕಿಂತ ಮೊದಲು ಹಂತ ಗೊತ್ತು ಮಾಡಿಕೊಳ್ಳಿ.

ಕೈಯಲ್ಲಿರುವ ಸರ್ಟಿಫಿಕೇಟ್ ನೋಡಿ

1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಹಲವು ಬಗೆಗಳಿವೆ, ಹಂತ ಎಂದದ್ದು ಇವನ್ನೇ. ಫಿಟ್ಟರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್ ಮೊದಲಾದ ನಿಗದಿತ ಟ್ರೇಡುಗಳಿಗೆ ಬರುವವರು ಟ್ರೇಡ್ ಅಪ್ರೆಂಟಿಸ್. ಐಟಿಐ ಮುಗಿದಿದ್ದರೆ ಮೂಲ ತರಬೇತಿಯಿಂದ ವಿನಾಯಿತಿ ಸಿಗುತ್ತದೆ, ಸಾಮಾನ್ಯವಾಗಿ ಒಂದು ವರ್ಷ ಸಾಕು. ಬರೀ ಎಸ್ಸೆಸ್ಸೆಲ್ಸಿ ಮೇಲೆ ನೇರ ಸೇರಿದರೆ ಆ ಮೂಲ ತರಬೇತಿಯನ್ನೂ ಮುಗಿಸಬೇಕು, ಅವಧಿ ಉದ್ದ. ಐಚ್ಛಿಕ ಟ್ರೇಡ್ ಎಂಬ ಇನ್ನೊಂದು ಬಗೆಯಲ್ಲಿ ಪಾಠಕ್ರಮವನ್ನು ಸಂಸ್ಥೆಯೇ ರೂಪಿಸುತ್ತದೆ. ಅವಧಿ 6 ತಿಂಗಳಿಂದ 3 ವರ್ಷ. ಹೋಟೆಲ್, ಅಂಗಡಿ, ಕಚೇರಿ ಕೆಲಸಗಳು ಹೆಚ್ಚಾಗಿ ಇದರಡಿ ಬರುತ್ತವೆ.

ಡಿಪ್ಲೊಮಾ ಆದವರು ಟೆಕ್ನಿಷಿಯನ್ ಅಪ್ರೆಂಟಿಸ್, ಪದವೀಧರರು ಗ್ರಾಜುಯೇಟ್ ಅಪ್ರೆಂಟಿಸ್. ಬಿ.ಇ. ಮಾತ್ರವಲ್ಲ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿದವರಿಗೂ ಈಗ ಇದು ತೆರೆದಿದೆ. ಪಾಸಾಗಿ ಹೆಚ್ಚು ವರ್ಷ ಕಳೆದಿರಬಾರದು, ಅನೇಕ ಪ್ರಕಟಣೆಗಳು ಮೂರರಿಂದ ಐದು ವರ್ಷದ ಗಡಿ ಹಾಕುತ್ತವೆ. ಓದುತ್ತಲೇ ತರಬೇತಿ ಪಡೆಯುವ ಡಿಗ್ರಿ ಅಪ್ರೆಂಟಿಸ್‌ಶಿಪ್ ಬೇರೆಯೇ. ನಿಮ್ಮ ಕಾಲೇಜಿನಲ್ಲಿ ಅಂಥ ಕೋರ್ಸ್ ಇದ್ದರೆ ಮಾತ್ರ ಅದರ ಮಾತು.

2019ರ ನಿಯಮದಲ್ಲಿ ಗೊತ್ತು ಮಾಡಿದ ತಿಂಗಳ ಕನಿಷ್ಠ ಸ್ಟೈಪೆಂಡ್ (ತರಬೇತಿ ಭತ್ಯೆ) ಇದು: 5ರಿಂದ 9ನೇ ತರಗತಿ ಓದಿದವರಿಗೆ 5,000 ರೂ., 10ನೇ ತರಗತಿಗೆ 6,000, ಪಿಯುಸಿ ಅಥವಾ ಐಟಿಐಗೆ 7,000, ಡಿಪ್ಲೊಮಾಕ್ಕೆ 8,000, ಪದವಿಗೆ 9,000. ಎರಡನೇ ವರ್ಷ ಶೇ 10, ಮೂರನೇ ವರ್ಷ ಶೇ 15 ಏರಿಕೆ. ಇದು ಕನಿಷ್ಠ ಮಾತ್ರ, ಹೆಚ್ಚು ಕೊಡಲು ಅಡ್ಡಿಯಿಲ್ಲ. ಸಹಿ ಹಾಕುವ ದಿನ ಜಾರಿಯಲ್ಲಿರುವ ದರವನ್ನು ಸರ್ಕಾರದ ನೋಂದಣಿ ಪೋರ್ಟಲ್‌ನಲ್ಲಿ (ಹೆಸರು ಮುಂದೆ ಬರುತ್ತದೆ) ನೋಡಿಕೊಳ್ಳಿ.

ಐಟಿಐ, ಪದವಿ ಹಂತಗಳ ನಡುವೆ ಎರಡು ಸಾವಿರ ರೂಪಾಯಿ ವ್ಯತ್ಯಾಸವೇ ಅಲ್ಲವೇ ಎಂದುಕೊಳ್ಳಬೇಡಿ. ಮುಂದಿನ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ನಡೆಯುತ್ತದೆ ಎನ್ನುವುದರಲ್ಲಿದೆ ನಿಜವಾದ ವ್ಯತ್ಯಾಸ. ಮೈಸೂರಿನ ಅಶೋಕಪುರಂ ರೈಲ್ವೆ ಕಾರ್ಯಾಗಾರದಂಥ ಕಡೆ ಟ್ರೇಡ್ ಅಪ್ರೆಂಟಿಸರನ್ನು ಆರಿಸುವುದು 10ನೇ ತರಗತಿ ಮತ್ತು ಐಟಿಐ ಅಂಕಗಳ ಮೇಲೆ. ಪರೀಕ್ಷೆ, ಸಂದರ್ಶನ ಇರುವುದಿಲ್ಲ. ಡಿಪ್ಲೊಮಾ, ಬಿ.ಇ. ಆದವರನ್ನು ಅಲ್ಲಿ ತೆಗೆದುಕೊಳ್ಳುವುದೇ ಇಲ್ಲ, ಅವರ ಯೋಜನೆ ಬೇರೆ ಎಂದು ಪ್ರಕಟಣೆಯಲ್ಲೇ ಬರೆದಿರುತ್ತಾರೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1 (ರೈಲ್ವೆಯ ಮೊದಲ ವೇತನ ಹಂತದ ಹುದ್ದೆಗಳು) ನೇರ ನೇಮಕಾತಿಯಲ್ಲಿ ಶೇ 20 ಸ್ಥಾನ ಮೀಸಲು. ರೈಲು ಹಳಿಯೇ ಇಲ್ಲದ ಜಿಲ್ಲೆಯವರು ಈ ಲೆಕ್ಕವನ್ನು ಮರೆಯುವುದು ಸಹಜ. ಆದರೆ ಐಟಿಐ ಹಂತದವರಿಗೆ ಇಷ್ಟು ನೇರವಾದ ದಾರಿಗಳು ಬೇರೆ ಹೆಚ್ಚಿಲ್ಲ.

ಏನು ಕಲಿಸುತ್ತಾರೆ, ಯಾವ ತಿಂಗಳಲ್ಲಿ?

ಕಾಯ್ದೆಯಂತೆ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿದ್ದರೆ ಅದು ಮಾಲೀಕರ ಇಷ್ಟ. ಕೊಡಗಿನಲ್ಲಿ ಎರಡನೇ ಗುಂಪೇ ದೊಡ್ಡದು. ಆದ್ದರಿಂದ ಪೋರ್ಟಲ್‌ನಲ್ಲಿ ಜಾಹೀರಾತು ಬರಲಿ ಎಂದು ಕಾಯದೆ ನೀವೇ ಹೋಗಿ ಕೇಳಬೇಕಾಗುತ್ತದೆ.

ಕುಶಾಲನಗರ ಬಳಿಯ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಫಿಟ್ಟರ್ ಆಗಿ ಸೇರುತ್ತೀರಿ ಎಂದಿಟ್ಟುಕೊಳ್ಳಿ. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರುವಾಗಿ, ರೋಬಸ್ಟಾ ಮುಗಿಯುವಾಗ ಮಾರ್ಚ್ ಬರುತ್ತದೆ. ಆ ಕಾಫಿಯೆಲ್ಲ ಬೇಸಿಗೆಯಲ್ಲಿ ಹಲ್ಲರ್‌ಗೆ, ಅಂದರೆ ಸಿಪ್ಪೆ ತೆಗೆಯುವ ಯಂತ್ರಕ್ಕೆ, ಬೀಳುತ್ತದೆ. ಆಗ ಯಂತ್ರ ನಿಲ್ಲಿಸುವಂತಿಲ್ಲ. ಬೆಲ್ಟ್ ಜಾರಿದರೆ, ಎಲಿವೇಟರ್ ಬೇರಿಂಗ್ ಬಿಸಿಯಾದರೆ ನಿಂತಲ್ಲೇ ಸರಿಮಾಡಬೇಕು. ಶಬ್ದ ಕೇಳಿ ದೋಷ ಹಿಡಿಯುವುದನ್ನು ಕಲಿಯುವುದು ಆಗಲೇ. ಯಂತ್ರ ಪೂರ್ತಿ ಬಿಚ್ಚಿ, ಸವೆದ ಭಾಗ ಅಳೆದು, ಶಾಫ್ಟ್ ಮತ್ತೆ ಸಾಲಿಗೆ ತಂದು ಕೂರಿಸುವ ಕೆಲಸ ನಡೆಯುವುದು ಮಳೆಗಾಲದ ಬಿಡುವಿನಲ್ಲಿ. 6 ತಿಂಗಳ ಒಪ್ಪಂದವಾದರೆ ಇವೆರಡರಲ್ಲಿ ಒಂದು ತಪ್ಪಿಹೋಗುತ್ತದೆ. ಇಂಥ ಕಡೆ ಪೂರ್ತಿ ವರ್ಷದ್ದನ್ನೇ ಕೇಳಿ.

ರೆಸಾರ್ಟ್‌ಗಳಲ್ಲಿ ತೊಂದರೆ ಬೇರೆ ರೀತಿಯದು. ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್, ಅಡುಗೆಮನೆ, ಸರ್ವಿಸ್ ಎಂದು ನಾಲ್ಕು ವಿಭಾಗ ತೋರಿಸಿ, ಜನ ಕಡಿಮೆ ಇರುವ ಒಂದೇ ಕಡೆ ವರ್ಷವಿಡೀ ನಿಲ್ಲಿಸಿಬಿಡುತ್ತಾರೆ. ಯಾವ ವಿಭಾಗದಲ್ಲಿ ಎಷ್ಟು ವಾರ ಎಂಬುದನ್ನು ಬರಹದಲ್ಲಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅವರಿಗೆ ಬೇಕಿರುವುದು ಕೂಲಿಯಾಳು ಎಂದು ತಿಳಿಯಿರಿ. ಹೋಟೆಲ್‌ನಲ್ಲೇ ಮುಂದುವರಿಯುವ ಪದವೀಧರರು ಐಚ್ಛಿಕ ಟ್ರೇಡಿಗೆ ಇಳಿಯದೆ ಗ್ರಾಜುಯೇಟ್ ಹಂತದಲ್ಲಿ ಫ್ರಂಟ್ ಆಫೀಸ್ ಅಥವಾ ಲೆಕ್ಕಪತ್ರ ವಿಭಾಗ ಕೇಳುವುದು ಒಳ್ಳೆಯದು.

ಮೈಸೂರು, ಬೆಂಗಳೂರಿಗೆ ಹೋಗುವುದಾದರೆ ಮೊದಲು ಬಾಡಿಗೆ, ಊಟದ ಲೆಕ್ಕ ಹಾಕಿ. 7,000 ರೂಪಾಯಿಯಲ್ಲಿ ನಗರದಲ್ಲಿ ವರ್ಷ ಕಳೆಯಲು ಮನೆಯವರ ಬೆಂಬಲ ಬೇಕೇ ಬೇಕು. ಕ್ಯಾಂಟೀನ್, ಬಸ್, ಹಾಸ್ಟೆಲ್ ಇರುವ ದೊಡ್ಡ ಕಾರ್ಖಾನೆಯಲ್ಲಿ ಅದೇ ಹಣ ಬಾಳಿಕೆ ಬರುತ್ತದೆ.

ನೋಂದಣಿ: ಹೆಸರಿನಲ್ಲೇ ಸಿಕ್ಕಿಬೀಳಬೇಡಿ

ಟ್ರೇಡ್ ಮತ್ತು ಐಚ್ಛಿಕ ಹಂತಕ್ಕೆ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್, ಡಿಪ್ಲೊಮಾ ಮತ್ತು ಪದವೀಧರರಿಗೆ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್. ಕೊಡಗಿನಲ್ಲಿ ಅರ್ಜಿ ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಬರೀ ಇನಿಷಿಯಲ್ ಆಗಿರುತ್ತದೆ, ಆಧಾರ್‌ನಲ್ಲಿ ಪೂರ್ತಿಯಾಗಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹಿಂದುಮುಂದಾಗಿ. ಆಧಾರ್ ಹೆಸರನ್ನು ಅಂಕಪಟ್ಟಿಗೆ ಸರಿಹೊಂದಿಸಿಕೊಂಡು, ಅದರಂತೆ ಬ್ಯಾಂಕ್ ಖಾತೆ ತಿದ್ದಿಸಿ. ಈ ಕ್ರಮದಲ್ಲೇ ಮಾಡಿ; ಬ್ಯಾಂಕಿನಿಂದ ಶುರು ಮಾಡಿದರೆ ಎರಡು ಸಲ ಓಡಾಟ.

ನಂತರ ಆ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಆಧಾರ್ ಮೂಲಕ ನೇರ ಬರುವಂತೆ ಜೋಡಣೆ, ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಎನ್ನುವುದೂ ಇದೂ ಒಂದಲ್ಲ. ಟ್ರೇಡ್ ಹಂತದಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಸ್ಟೈಪೆಂಡ್‌ನ ಕಾಲು ಭಾಗವನ್ನು, 1,500 ರೂ. ಮೀರದಂತೆ, ನೇರ ಖಾತೆಗೆ ಹಾಕುವ ವ್ಯವಸ್ಥೆ ಇದೆ. 7,000ದಲ್ಲಿ ಸಂಸ್ಥೆಯಿಂದ 5,500 ಮಾತ್ರ ಬಂದರೆ ಮೋಸ ಎಂದು ಗಲಾಟೆ ಮಾಡುವ ಮೊದಲು ಸೀಡಿಂಗ್ ನೋಡಿ.

ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿಯಾಗಿ ಅದರ ಸಂಖ್ಯೆ ಕೈಗೆ ಬಂದ ಮೇಲಷ್ಟೇ ನೀವು ಅಪ್ರೆಂಟಿಸ್. "ಈಗ ಬಂದು ಕೆಲಸ ಶುರು ಮಾಡಿ, ಪೇಪರ್ ಆಮೇಲೆ ನೋಡೋಣ" ಎಂದು ಕರೆದರೆ ಆ ತಿಂಗಳುಗಳು ಲೆಕ್ಕಕ್ಕೆ ಬರುವುದಿಲ್ಲ, ಗಾಯವಾದರೆ ಪರಿಹಾರ ಕೇಳುವುದೂ ಕಷ್ಟ. ಒಪ್ಪಂದದಲ್ಲಿ ಹಂತ, ಟ್ರೇಡ್, ಆರಂಭದ ದಿನ, ಮುಗಿಯುವ ದಿನ ಓದಿ ನೋಡಿ. ಡಿಪ್ಲೊಮಾ ಇದ್ದವರ ಹೆಸರಿನ ಮುಂದೆ ಐಚ್ಛಿಕ ಟ್ರೇಡ್ ಎಂದಿದ್ದರೆ ಸಹಿಗೆ ಮೊದಲೇ ತಿದ್ದಿಸಿ.

ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಬಾಧ್ಯತೆ ಮಾಲೀಕರಿಗಿಲ್ಲ. ಸಿಗುವುದು ಸರ್ಟಿಫಿಕೇಟ್. ನಿಗದಿತ ಟ್ರೇಡಿನವರು ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ಪರೀಕ್ಷೆಗೆ ಹೆಸರು ಸೇರಿಸಬೇಕಾದದ್ದು ಸಂಸ್ಥೆ. ಅವರು ಮರೆತರೆ ಮುಂದಿನ ಸುತ್ತಿನವರೆಗೆ ಕಾಯುವವರು ನೀವು, ಆದ್ದರಿಂದ ಕೊನೆಯ ಎರಡು ತಿಂಗಳು ಬಿಡದೆ ಕೇಳುತ್ತಿರಿ. ನ್ಯಾಟ್ಸ್‌ನಲ್ಲಿ ಪರೀಕ್ಷೆಯಿಲ್ಲ. ಸಂಸ್ಥೆ ಕಾಲಕಾಲಕ್ಕೆ ಪ್ರಗತಿ ವರದಿ ತುಂಬಿದ್ದರೆ ಚೆನ್ನೈನಲ್ಲಿರುವ ದಕ್ಷಿಣ ವಲಯದ ತರಬೇತಿ ಮಂಡಳಿಯಿಂದ ಪ್ರಾವೀಣ್ಯ ಪತ್ರ ಬರುತ್ತದೆ. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಅದನ್ನು ಅನುಭವವೆಂದೇ ದಾಖಲಿಸಬಹುದು.