ಮೂರನೇ ಸಲಕ್ಕೆ ಸ್ಟಾರ್ಟ್ ಆಗುವ ಹಳೆ ಕಂಪ್ಯೂಟರ್: ತಪ್ಪು ಹುಡುಕುವುದು ಹೇಗೆ

ನಮ್ಮ ಮನೆಯ ಡೆಸ್ಕ್‌ಟಾಪ್ 2009ರಲ್ಲಿ ಅಸೆಂಬಲ್ ಮಾಡಿಸಿದ್ದು. 2 ಜಿಬಿ ಡಿಡಿಆರ್2 ರ‍್ಯಾಮ್, 320 ಜಿಬಿ ಹಾರ್ಡ್‌ಡಿಸ್ಕ್. ಅಪ್ಪನಿಗೆ ಲೆಕ್ಕ ಬರೆಯಲು, ಹಳೆ ಫೋಟೋ ನೋಡಲು ಇವತ್ತಿಗೂ ಅದೇ ಬೇಕು. ಹೋದ ಮಳೆಗಾಲದಲ್ಲಿ ಅದಕ್ಕೊಂದು ರೋಗ ಶುರುವಾಯಿತು. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಅದೇ ಕಥೆ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಏನೂ ಆಗೇ ಇಲ್ಲ ಎನ್ನುವ ಹಾಗೆ ಸ್ಟಾರ್ಟ್ ಆಗಿ, ಆಮೇಲೆ ರಾತ್ರಿವರೆಗೂ ಚೆನ್ನಾಗಿ ಓಡುತ್ತಿತ್ತು. ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್! ಡಾಕ್ಟರ್ ಮುಂದೆ ಕೂತ ಕೂಡಲೇ ಹಲ್ಲುನೋವು ಹೋಗುತ್ತಲ್ಲ, ಹಾಗೆ. "ಒಂದ್ಸಲ ಫಾರ್ಮ್ಯಾಟ್ ಮಾಡಿಸಿ, ಸರಿ ಹೋಗುತ್ತೆ" ಅಂದರು. ಫ್ಯಾನ್ ಒಂದು ಸುತ್ತೂ ತಿರುಗದ ಯಂತ್ರಕ್ಕೂ ವಿಂಡೋಸ್‌ಗೂ ಏನು ಸಂಬಂಧ? ವಾಪಸ್ ಹೊತ್ತು ತಂದೆ.

ನಿಮ್ಮ ಕಂಪ್ಯೂಟರೂ ಹೀಗೆ ಆಟ ಆಡುತ್ತಿದ್ದರೆ ಮೊದಲು ಒಂದು ಕೆಲಸ ಮಾಡಿ. ಮುಂದಿನ ಸಲ ಹೇಗೋ ಸ್ಟಾರ್ಟ್ ಆದಾಗ ಅದನ್ನು ಆಫ್ ಮಾಡಬೇಡಿ. ಫೋಟೋ, ಲೆಕ್ಕದ ಫೈಲು, ಮಕ್ಕಳ ಮಾರ್ಕ್ಸ್ ಕಾರ್ಡ್ ಸ್ಕ್ಯಾನು, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ರಿಪೇರಿ ಆಮೇಲೆ.

ಎರಡನೆಯದು, ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ವಾರ ಗುರುತು ಹಾಕಿ. ಎಷ್ಟು ಗಂಟೆಗೆ ಒತ್ತಿದಿರಿ, ಎಷ್ಟನೇ ಸಲಕ್ಕೆ ಬಂತು, ಏನು ಕಾಣಿಸಿತು, ಏನು ಕೇಳಿಸಿತು. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಯಾಕೆಂದರೆ "ಸ್ಟಾರ್ಟ್ ಆಗ್ತಿಲ್ಲ" ಅನ್ನುವುದು ಒಂದೇ ರೋಗ ಅಲ್ಲ. ಬಟನ್ ಒತ್ತಿದರೂ ಏನೂ ಅಲ್ಲಾಡದಿರುವುದು ಬೇರೆ, ಫ್ಯಾನ್ ತಿರುಗಿ ನಿಲ್ಲುವುದು ಬೇರೆ. ಫ್ಯಾನ್ ತಿರುಗುತ್ತಲೇ ಇದ್ದು ಡಿಸ್‌ಪ್ಲೇ ಬಾರದಿರುವುದು ಇನ್ನೊಂದು. ಕಂಪನಿ ಲೋಗೋ ಬಂದು ವಿಂಡೋಸ್ ಬರದಿದ್ದರೆ ಅದು ಹೆಚ್ಚಾಗಿ ಹಾರ್ಡ್‌ಡಿಸ್ಕ್ ಕಡೆಯ ಸಮಾಚಾರ.

ಡಬ್ಬ ಬಿಚ್ಚುವ ಮೊದಲು ಹೊರಗಿನದ್ದು ನೋಡಿ. ಯುಪಿಎಸ್, ಎಕ್ಸ್‌ಟೆನ್ಷನ್ ಬೋರ್ಡ್ ಎರಡನ್ನೂ ಬಿಟ್ಟು ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ ಎರಡು ದಿನ ಓಡಿಸಿ. ಮನೆ ಯುಪಿಎಸ್ ಒಳಗಿನ 12 ವೋಲ್ಟಿನ ಬ್ಯಾಟರಿ ಕೆಲವೇ ವರ್ಷಕ್ಕೆ ಸುಸ್ತಾಗುತ್ತದೆ, ಬೀಪ್ ಕೂಡ ಮಾಡದೆ ಕೈಕೊಡುವುದುಂಟು. ಹಿಂದಿನ ಪವರ್ ಕೇಬಲ್ ಸಡಿಲ ಇದೆಯಾ ನೋಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಟೆಸ್ಟರ್ ಇಟ್ಟರೆ ಸಣ್ಣಗೆ ಉರಿಯುತ್ತದಾ? ಹಾಗಾದರೆ ಆ ಪ್ಲಗ್‌ಗೆ ಅರ್ಥಿಂಗ್ ಸರಿ ಇಲ್ಲದಿರಬಹುದು, ಒಳಗೆ ಎಲ್ಲೋ ಕರೆಂಟ್ ಲೀಕ್ ಕೂಡ ಆಗುತ್ತಿರಬಹುದು. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಅದನ್ನು ಆನ್ ಮಾಡಬೇಡಿ.

ಇನ್ನು ಬಟನ್. ಸ್ಟಾರ್ಟ್ ಆಗಿ ಸರಿಯಾಗಿ ನಾಲ್ಕೈದು ಸೆಕೆಂಡಿಗೆ ಆಫ್ ಆಗುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಪವರ್ ಬಟನ್ ಒತ್ತಿ ಹಿಡಿದರೆ ಕಂಪ್ಯೂಟರ್ ಅಷ್ಟೇ ಹೊತ್ತಿಗೆ ಬಲವಂತವಾಗಿ ಆಫ್ ಆಗುತ್ತದೆ, ಅಲ್ವಾ? ಹಳೆ ಬಟನ್ ಒಳಗೆ ಸಿಕ್ಕಿಕೊಂಡರೂ ಅದೇ ಆಗುತ್ತದೆ. ಪರೀಕ್ಷೆ ಸುಲಭ. ಮದರ್‌ಬೋರ್ಡಿನಲ್ಲಿ (ಡಬ್ಬದೊಳಗಿನ ಮುಖ್ಯ ಬೋರ್ಡ್) ಪವರ್ ಬಟನ್ ವೈರ್ ಕಿತ್ತು, ಅದೇ ಎರಡು ಪಿನ್ನಿಗೆ ರೀಸೆಟ್ ಬಟನ್ ವೈರ್ ಚುಚ್ಚಿ. ಇನ್ನು ಮೇಲೆ ರೀಸೆಟ್ ಒತ್ತಿದರೆ ಸ್ಟಾರ್ಟ್. ನನಗೆ ಗೊತ್ತಿರುವ ಒಬ್ಬರು ಆರು ವರ್ಷದಿಂದ ಹಾಗೇ ನಡೆಸಿದ್ದಾರೆ.

ಡಬ್ಬ ಬಿಚ್ಚುವಾಗ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್‌ನ ಬಣ್ಣವಿಲ್ಲದ ತಗಡು ಮುಟ್ಟಿ, ಆಮೇಲೆ ಕೈ ಹಾಕಿ. ಧೂಳನ್ನು ಒಣ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ. ಬ್ಲೋವರ್ ಹೊಡೆಯುವುದಾದರೆ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಸಿಕ್ಕಾಪಟ್ಟೆ ಸ್ಪೀಡಲ್ಲಿ ತಿರುಗಿ ಹಾಳಾಗುತ್ತದೆ. ನಮ್ಮದರಲ್ಲಿ ಎರಡು ಹಲ್ಲಿ ಮೊಟ್ಟೆ ಸಿಕ್ಕವು.

ಫ್ಯಾನ್ ತಿರುಗಿಯೂ ಡಿಸ್‌ಪ್ಲೇ ಬಾರದಿದ್ದರೆ ರ‍್ಯಾಮ್ ತೆಗೆಯಿರಿ. ಅದರ ಚಿನ್ನದ ಬಣ್ಣದ ಪಟ್ಟಿಗಳನ್ನು ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಎರಡೂ ಕಡೆ ಉಜ್ಜಿ, ಪುಡಿ ಕೊಡವಿ, ಎರಡೂ ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಮಳೆಗಾಲದ ತೇವಕ್ಕೆ ಕಿಲುಬು ಹಿಡಿದದ್ದು ಇಷ್ಟಕ್ಕೇ ಸರಿ ಹೋಗುವುದು ಎಷ್ಟೋ ಸಲ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ರ‍್ಯಾಮ್, ಸೆಲ್, ಕೇಬಲ್ ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ದೇವರಿಗೂ ಗೊತ್ತಾಗಲ್ಲ.

ಮದರ್‌ಬೋರ್ಡಿನ ಸೆಲ್ ಸಿಆರ್2032, 3 ವೋಲ್ಟಿನದು. ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ, ಅಥವಾ ಎಫ್1 ಒತ್ತಿ ಅಂತ ಕೇಳುತ್ತಿದ್ದರೆ ಅದು ಮುಗಿದಿರಬಹುದು. ತಾರೀಖು ತಪ್ಪಾದರೆ ಎಷ್ಟೋ ವೆಬ್‌ಸೈಟ್ ಕೂಡ ತೆರೆಯುವುದಿಲ್ಲ, ಜನ ಇಂಟರ್ನೆಟ್ ಹೋಗಿದೆ ಅಂದುಕೊಳ್ಳುತ್ತಾರೆ. ಆದರೆ ಸೆಲ್ ಕೀಳುವ ಮೊದಲು ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನ ಸೆಟ್ಟಿಂಗ್ ಇರುವ ಪ್ರೋಗ್ರಾಮ್) ಪುಟಗಳನ್ನು ಮೊಬೈಲಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಸೆಲ್ ಬದಲಿಸಿದಾಗ ಸೆಟ್ಟಿಂಗ್ ಎಲ್ಲ ಕಂಪನಿಯಿಂದ ಬಂದಾಗ ಇದ್ದ ಹಾಗೆ ಆಗಿಬಿಡುತ್ತದೆ. ಹಾರ್ಡ್‌ಡಿಸ್ಕ್‌ನ ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ರೀತಿ) ಎಎಚ್‌ಸಿಐ ಇದ್ದದ್ದು ಐಡಿಇ ಆಗಿಬಿಟ್ಟರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ, ಇಲ್ಲದ ಹೊಸ ರೋಗ ನಾವೇ ತಂದುಕೊಂಡ ಹಾಗಾಗುತ್ತದೆ.

ಈಗ ನಮ್ಮ ಮನೆಯ ಕೇಸಿಗೆ ಬರುತ್ತೇನೆ. ಕ್ಯಾಲೆಂಡರ್ ನೋಡಿದರೆ ವಿಷಯ ಸ್ಪಷ್ಟ ಇತ್ತು. ತಣ್ಣಗಿದ್ದಾಗ ಮಾತ್ರ ತೊಂದರೆ. ಮಧ್ಯಾಹ್ನ ಆಫ್ ಮಾಡಿ ಹತ್ತು ನಿಮಿಷಕ್ಕೆ ಒತ್ತಿದರೆ ಮೊದಲ ಸಲಕ್ಕೇ ಬರುತ್ತಿತ್ತು. ಅಂಗಡಿಗೂ ಬೆಳಿಗ್ಗೆ ಓಡಿಸಿ ಬಿಸಿಯಾಗಿದ್ದದ್ದನ್ನೇ ಒಯ್ದಿದ್ದೆ! ತಣ್ಣಗಿದ್ದಾಗ ಹಟ ಮಾಡಿ ಬಿಸಿಯಾದಾಗ ಸುಮ್ಮನಾಗುವುದು ವಯಸ್ಸಾದ ಕೆಪ್ಯಾಸಿಟರಿನ ಗುಣ. ಕೆಪ್ಯಾಸಿಟರ್ ಅಂದರೆ ಕರೆಂಟನ್ನು ಕ್ಷಣಕಾಲ ಕೂಡಿಟ್ಟು ಬೇಕಾದಾಗ ಕೊಡುವ ಚಿಕ್ಕ ಡಬ್ಬಿ. ಅದರೊಳಗೆ ಇರುವ ದ್ರವ ವರ್ಷಗಟ್ಟಲೆ ಬಿಸಿಗೆ ಒಣಗುತ್ತಾ ಬಂದು ಒಳಗಿನ ತಡೆ ಜಾಸ್ತಿಯಾಗುತ್ತದೆ, ತಣ್ಣಗಿದ್ದಾಗ ಇನ್ನೂ ಜಾಸ್ತಿ. ಸ್ಟಾರ್ಟ್ ಆಗುವ ಹೊತ್ತಿಗೆ ಒಮ್ಮೆಲೇ ಬೇಕಾಗುವ ಕರೆಂಟನ್ನು ಅದು ಕೊಡಲಾರದು. ಎರಡು ಮೂರು ಸಲ ಒತ್ತುವಷ್ಟರಲ್ಲಿ ಸ್ವಲ್ಪ ಬೆಚ್ಚಗಾಗಿ ಕೆಲಸಕ್ಕೆ ಬರುತ್ತದೆ.

ಕೆಪ್ಯಾಸಿಟರ್ ಎರಡು ಕಡೆ ಇರುತ್ತವೆ. ಒಂದು ಮದರ್‌ಬೋರ್ಡಿನಲ್ಲಿ, ಪ್ರೊಸೆಸರ್ ಸುತ್ತ ನಿಂತಿರುವ ಚಿಕ್ಕ ಡಬ್ಬಿಗಳು. ಟಾರ್ಚ್ ಬಿಟ್ಟು ನೋಡಿ. ತಲೆ ಚಪ್ಪಟೆ ಇರಬೇಕು. ಪೂರಿ ಹಾಗೆ ಉಬ್ಬಿದ್ದರೆ, ಕಂದು ಬಣ್ಣದ ಅಂಟು ಸೋರಿದ್ದರೆ ಅದು ಹೋಗಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಕೆಪ್ಯಾಸಿಟರ್‌ಗಳಿಂದ ಜಗತ್ತಿನಾದ್ಯಂತ ಬೋರ್ಡ್‌ಗಳು ಹಾಳಾಗಿದ್ದವು. ನಮ್ಮ ಬೋರ್ಡಿನಲ್ಲಿ ಎಲ್ಲ ಚಪ್ಪಟೆ ಇದ್ದವು. ಉಳಿದದ್ದು ಎರಡನೇ ಜಾಗ, ಎಸ್‌ಎಂಪಿಎಸ್. ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ.

ಕರೆಂಟ್ ವೈರ್ ಕಿತ್ತಿಟ್ಟು, ತಂಗಿಯ ಹೇರ್ ಡ್ರೈಯರ್ ತಂದು ಎಸ್‌ಎಂಪಿಎಸ್ ಹಿಂದಿನ ಜಾಲರಿಯಿಂದ ಎರಡು ನಿಮಿಷ ಸಣ್ಣ ಬಿಸಿಗಾಳಿ ಬಿಟ್ಟೆ. ವೈರ್ ಹಾಕಿ ಬಟನ್ ಒತ್ತಿದೆ. ಮೊದಲ ಸಲಕ್ಕೇ ಸ್ಟಾರ್ಟ್! ಮಾರನೇ ದಿನ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ಕೂತೆ. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವ ದೊಡ್ಡ 24 ಪಿನ್ ಕನೆಕ್ಟರಿನಲ್ಲಿ ಒಂದು ನೇರಳೆ ವೈರ್ ಇರುತ್ತದೆ. ಕಂಪ್ಯೂಟರ್ ಆಫ್ ಇದ್ದರೂ ಪ್ಲಗ್ ಹಾಕಿದ್ದರೆ ಅದರಲ್ಲಿ 5 ವೋಲ್ಟ್ ಇರಬೇಕು, ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗುವುದೇ ಅದರಿಂದ. ಮೀಟರಿನ ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ನೇರಳೆಗೆ, ಕನೆಕ್ಟರ್ ಹಿಂದಿನಿಂದ ಚುಚ್ಚಿ ನೋಡಿ. 4.75ರಿಂದ 5.25ರ ಒಳಗಿದ್ದರೆ ಸರಿ. ನಮ್ಮದು ತಣ್ಣಗಿದ್ದಾಗ 4.4 ತೋರಿಸಿತು, ಓಡಿ ಬಿಸಿಯಾದ ಮೇಲೆ 4.9. ಓಡುವಾಗ ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್ ಬರಬೇಕು, ಅದನ್ನೂ ನೋಡಿಕೊಳ್ಳಿ. ಹಸಿರು ವೈರಿಗೂ ಕಪ್ಪು ವೈರಿಗೂ ಜೆಮ್ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಿತು, ಎಸ್‌ಎಂಪಿಎಸ್ ಚೆನ್ನಾಗಿದೆ ಅನ್ನುವವರಿದ್ದಾರೆ. ಪೂರ್ತಿ ಸತ್ತಿಲ್ಲ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಹೊಸದು ತಂದು ಹಾಕಿ. ಸ್ಟಿಕ್ಕರಿನಲ್ಲಿ 450 ವ್ಯಾಟ್ ಅಂತ ಬರೆದು ತೆಂಗಿನ ಚಿಪ್ಪಿನಷ್ಟು ಹಗುರ ಇರುವುದನ್ನು ತರಬೇಡಿ. ಜೋಡಿಸುವಾಗ ಪ್ರೊಸೆಸರ್ ಹತ್ತಿರದ ನಾಲ್ಕು ಪಿನ್ನಿನ ಚೌಕ ಕನೆಕ್ಟರ್ ಮರೆಯಬೇಡಿ. ಅದನ್ನು ಬಿಟ್ಟರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ನಾನೇ ಮರೆತು ಅರ್ಧ ಗಂಟೆ ರ‍್ಯಾಮ್ ಉಜ್ಜಿದ್ದೇನೆ.

ನಿಮ್ಮದು ಉಲ್ಟಾ ಇದ್ದರೆ, ಅಂದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ಆಫ್ ಆಗಿ ಆಮೇಲೆ ಒತ್ತಿದರೂ ಬಾರದಿದ್ದರೆ, ಪ್ರೊಸೆಸರ್ ಬಿಸಿಯಾಗುತ್ತಿದೆಯಾ ನೋಡಿ. ಮೇಲಿನ ಫ್ಯಾನ್‌ನ ನಾಲ್ಕು ಕಾಲುಗಳಲ್ಲಿ ಒಂದು ಎದ್ದಿರುತ್ತದೆ, ಇಲ್ಲವೇ ಪ್ರೊಸೆಸರಿನ ಬಿಸಿಯನ್ನು ಮೇಲಕ್ಕೆ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿರುತ್ತದೆ. ಹಳೆಯದನ್ನು ಒರೆಸಿ ಕಡಲೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟರೆ ಸಾಕು.

ಲೋಗೋ ಬಂದು ನಿಲ್ಲುವ ಕೇಸಿನಲ್ಲಿ ಮೊದಲು ಸಾಟಾ ಕೇಬಲ್ (ಹಾರ್ಡ್‌ಡಿಸ್ಕಿನಿಂದ ಬೋರ್ಡಿಗೆ ಹೋಗುವ ವೈರ್) ಬದಲಿಸಿ. ಆಮೇಲೆ ಹಾರ್ಡ್‌ಡಿಸ್ಕ್ ವೈರ್ ಕಿತ್ತು, ಲಿನಕ್ಸ್ (ವಿಂಡೋಸ್ ಬದಲು ಓಡಿಸಬಹುದಾದ ಸಿಸ್ಟಮ್) ಹಾಕಿದ ಪೆನ್‌ಡ್ರೈವಿನಿಂದ ಸ್ಟಾರ್ಟ್ ಮಾಡಿ. ಪ್ರತಿ ಸಲ ಸಲೀಸಾಗಿ ಬಂದರೆ ತಪ್ಪು ಹಾರ್ಡ್‌ಡಿಸ್ಕಿನದೋ ವಿಂಡೋಸಿನದೋ. ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ ಫಾರ್ಮ್ಯಾಟ್ ಮಾತೇ ಬೇಡ.

ಬೋರ್ಡಿನ ಕೆಪ್ಯಾಸಿಟರೇ ಉಬ್ಬಿದ್ದರೆ? ಬೆಸುಗೆ ಚೆನ್ನಾಗಿ ಹಾಕುವವರು ಬದಲಿಸಿ ಕೊಡುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಡಿಡಿಆರ್2 ಕಾಲದ ಸೆಕೆಂಡ್ ಹ್ಯಾಂಡ್ ಬೋರ್ಡ್ ಸಿಗಲೂಬಹುದು. ಅದೂ ಅಷ್ಟೇ ಹಳೆಯದು, ನಾನಾದರೆ ಆ ದುಡ್ಡು ಹಾಕುವುದಿಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ, ಪವರ್ ಅಡಾಪ್ಟರ್ ಇರುವ ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿದರೆ ಫೋಟೋಗಳೆಲ್ಲ ಅಲ್ಲೇ ಸಿಗುತ್ತವೆ.