ಅಕೇಶಿಯಾ ನೆತ್ತಿಯ ಮೇಲಿನ ನಾಲ್ಕು ಮೀಟರ್

ತೀರ್ಥಹಳ್ಳಿ ತಾಲೂಕಿನಲ್ಲಿರುವ ಚಿಕ್ಕಪ್ಪನ ಮನೆಗೆ ಇಂಟರ್ನೆಟ್ ತರಬೇಕಿತ್ತು. ಫೈಬರ್ ನಾಲ್ಕು ಕಿಲೋಮೀಟರ್ ಆಚೆಯ ಪೇಟೆಯವರೆಗೆ ಬಂದು ನಿಂತಿತ್ತು. ಪೇಟೆಯ ಗೆಳೆಯನ ತಾರಸಿ ಮೇಲೊಂದು ಡಿಶ್, ಮನೆ ಹಿಂದಿನ ದಿಣ್ಣೆಯ ಮೇಲೆ ಆರು ಮೀಟರಿನ ಜಿಐ ಪೈಪ್ ನೆಟ್ಟು ಅದಕ್ಕೊಂದು ಡಿಶ್, ನಡುವೆ 5.8 ಗಿಗಾಹರ್ಟ್ಸ್ ಲಿಂಕ್, ಅಂದರೆ ತಂತಿಯಿಲ್ಲದ ರೇಡಿಯೋ ಸಂಪರ್ಕ. ಏಪ್ರಿಲ್‌ನಲ್ಲಿ ಎರಡು ದಿನದ ಕೆಲಸ.

ಹತ್ತುವ ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದೆ. ರೇಡಿಯೋ ಕಳಿಸುವುದು 13 ಡಿಬಿಎಮ್ (ಸಿಗ್ನಲ್ ಶಕ್ತಿಯ ಅಳತೆ), ಒಂದೊಂದು ಡಿಶ್‌ನ ಗೇನ್, ಅಂದರೆ ಅಲೆಯನ್ನು ಒಂದೇ ದಿಕ್ಕಿಗೆ ಕೂಡಿಸುವುದರಿಂದ ಸಿಗುವ ಬಲ, 23 ಡಿಬಿಐ, ನಾಲ್ಕು ಕಿಲೋಮೀಟರ್ ಗಾಳಿಯಲ್ಲಿ ಕಳೆದುಹೋಗುವುದು ಸುಮಾರು 120 ಡಿಬಿ (ಡೆಸಿಬೆಲ್). ಎರಡೂ ಡಿಶ್ ಸೇರಿಸಿ ಕೂಡಿ ಕಳೆದರೆ ಮೈನಸ್ 61 ಬರಬೇಕು. ಬಂದದ್ದು ಮೈನಸ್ 65. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ. ವೇಗ ಚೆನ್ನಾಗಿತ್ತು, ಚಿಕ್ಕಪ್ಪ ಮೊಮ್ಮಗಳ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದರು, ನಾನು ಊರಿಗೆ ವಾಪಸ್ ಬಂದೆ. ಆ ನಾಲ್ಕು ಡಿಬಿಯನ್ನು ಹಾಗೇ ಬಿಟ್ಟು ಬಂದದ್ದೇ ತಪ್ಪು. 3 ಡಿಬಿ ಹೋದರೆ ಶಕ್ತಿ ಅರ್ಧಕ್ಕೆ ಇಳಿದಂತೆ. ಅಂದರೆ ಬರಬೇಕಾದ್ದರಲ್ಲಿ ಅರ್ಧಕ್ಕೂ ಹೆಚ್ಚು ದಾರಿಯಲ್ಲೇ ಸೋರುತ್ತಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು, ನಾನು ಮತ್ತೆ ಚಿಕ್ಕಪ್ಪನ ಮನೆಗೆ ಹೋಗಬೇಕಾಯಿತು. ಸಿಗ್ನಲ್ ಮೈನಸ್ 72, ಗಾಳಿ ಬೀಸಿದಾಗ 78. ಚೆನ್ನಾಗಿದ್ದಾಗ ಅಲೆಯ ಒಂದು ಮಿಡಿತಕ್ಕೆ, ಅಂದರೆ ಒಂದು ಸಿಂಬಲ್‌ಗೆ 6 ಬಿಟ್ ಹೊರುತ್ತಿದ್ದ 64 ಕ್ಯೂಎಎಮ್ ಎಂಬ ವೇಗದ ವಿಧಾನ ಈಗ 2 ಬಿಟ್‌ನ ಕ್ಯೂಪಿಎಸ್‌ಕೆಗೆ ಇಳಿದಿತ್ತು.

"ಪವರ್ ಜಾಸ್ತಿ ಮಾಡಕ್ಕಾಗಲ್ವೇನೋ?" ಅಂದರು ಚಿಕ್ಕಪ್ಪ. ಆಗುತ್ತಿತ್ತು, ಆದರೆ ಮಾಡಬಾರದು. 2018ರ ನಿಯಮದಂತೆ ಈ ಬ್ಯಾಂಡಿಗೆ, ಅಂದರೆ 5.8 ಗಿಗಾಹರ್ಟ್ಸ್ ಸುತ್ತಲಿನ ಅಲೆಗಳ ಪಟ್ಟಿಗೆ, ಲೈಸೆನ್ಸ್ ಬೇಕಿಲ್ಲ. ಅದಕ್ಕೆ ಬದಲಾಗಿ ಇಐಆರ್‌ಪಿ 36 ಡಿಬಿಎಮ್, ಅಂದರೆ 4 ವ್ಯಾಟ್ ಮೀರಬಾರದು. ಇಐಆರ್‌ಪಿ ಎಂದರೆ ರೇಡಿಯೋದ ಪವರ್ ಮತ್ತು ಡಿಶ್‌ನ ಗೇನ್ ಎರಡೂ ಸೇರಿದ ಲೆಕ್ಕ. 13 ಮತ್ತು 23 ಸೇರಿದರೆ 36, ಮಿತಿ ಅಲ್ಲಿಗೆ ಮುಗಿಯಿತು. ಎಲ್ಲರೂ ಹಂಚಿಕೊಂಡು ಬಳಸುವ ಬ್ಯಾಂಡಿನಲ್ಲಿ ಒಬ್ಬ ಕಿರುಚಿದರೆ ಪಕ್ಕದವನ ನಾಯ್ಸ್ ಫ್ಲೋರ್ (ಹಿನ್ನೆಲೆಯ ಗದ್ದಲ) ಏರುತ್ತದೆ. ಈ ಮಿತಿಯನ್ನು ನಾನು ಮನಸಾರೆ ಒಪ್ಪುತ್ತೇನೆ.

ಸೋರಿಕೆ ಇದ್ದದ್ದು ನಡುದಾರಿಯಲ್ಲಿ. ಅಲ್ಲೊಂದು ಗುಡ್ಡ, ಅದರ ಮೇಲೆ ಅಕೇಶಿಯಾ ಪ್ಲಾಂಟೇಶನ್. ಏಣಿ ಹತ್ತಿ ಬೈನಾಕ್ಯುಲರ್ ಹಿಡಿದರೆ ಮರಗಳ ಮೇಲಿನಿಂದ ಪೇಟೆಯ ತಾರಸಿಯ ನೀರಿನ ಟ್ಯಾಂಕು ಸ್ಪಷ್ಟವಾಗಿ ಕಾಣುತ್ತಿತ್ತು. ಕಣ್ಣಿಗೆ ಅಷ್ಟು ಸಾಕು, ರೇಡಿಯೋ ಅಲೆಗೆ ಸಾಲದು. ಅಲೆ ಸಾಗುವುದು ದಾರದಂತಲ್ಲ, ನಡುವೆ ಉಬ್ಬಿದ ಸೌತೆಕಾಯಿಯಂತೆ. ಆ ಉಬ್ಬಿಗೆ ಫ್ರೆನೆಲ್ ಝೋನ್ ಎಂದು ಹೆಸರು. ಫ್ರೆನೆಲ್ ಬೆಳಕಿನ ಅಲೆಗಳನ್ನು ಅಭ್ಯಾಸ ಮಾಡಿದ ಫ್ರೆಂಚ್ ವಿಜ್ಞಾನಿ, ತೀರಿಕೊಂಡದ್ದು 1827ರಲ್ಲಿ, ರೇಡಿಯೋ ಹುಟ್ಟುವುದಕ್ಕೆ ಎಷ್ಟೋ ಮೊದಲು. ನಮ್ಮ ಲಿಂಕಿಗೆ ನಡುಮಧ್ಯದಲ್ಲಿ ಅದರ ತ್ರಿಜ್ಯ ಸುಮಾರು 7.2 ಮೀಟರ್. ಅದರಲ್ಲಿ ಕನಿಷ್ಠ ನೂರಕ್ಕೆ ಅರವತ್ತು ಪಾಲು, ಅಂದರೆ 4.3 ಮೀಟರ್, ಖಾಲಿ ಇರಬೇಕು.

ಎಷ್ಟು ಖಾಲಿ ಇದೆ ಎಂದು ಅಳೆಯುವುದು ಹೇಗೆ? ತೋಟದ ಕೆಲಸದ ಹುಡುಗ ಅಡಿಕೆ ಕೊಯ್ಯುವ ದೋಟಿಯ ತುದಿಗೆ ಕೆಂಪು ಟವೆಲ್ ಕಟ್ಟಿಕೊಂಡು ಎತ್ತರದ ಅಕೇಶಿಯಾ ಹತ್ತಿದ. ಗುಡ್ಡದ ಮೇಲೆ ಅವನಿಗೆ ಮೊಬೈಲ್ ಸಿಗ್ನಲ್ ಇತ್ತು. ನನಗೆ ವೈಫೈ ಕಾಲ್, ಅದೂ ಇದೇ ಕುಂಟುವ ಲಿಂಕಿನ ಮೇಲೆ. "ಸಾಕಾ ಅಣ್ಣಾ?" "ಇನ್ನೊಂಚೂರು ಮೇಲೆ." ಟವೆಲ್ ನೀರಿನ ಟ್ಯಾಂಕಿಗೆ ಅಡ್ಡ ಬಂದ ಕ್ಷಣ ನಿಲ್ಲಿಸಿದೆ. ಮರದ ನೆತ್ತಿಯಿಂದ ಒಂದೂವರೆ ಮೀಟರ್, ಅಷ್ಟೇ. ಒದ್ದೆ ಎಲೆಗಳು ಅಲೆಯನ್ನು ಹೀರುತ್ತಿದ್ದವು.

ಪೇಟೆ ಕಡೆ ಏರಿಸಲು ಜಾಗವಿರಲಿಲ್ಲ. ಒಂದೇ ತುದಿ ಏರಿಸಿದರೆ ನಡುವಿನಲ್ಲಿ ಅದರ ಅರ್ಧ ಮಾತ್ರ ಏರುತ್ತದೆ. ಹಾಗಾಗಿ ಕೊರತೆಯಿದ್ದ ಸುಮಾರು ಮೂರು ಮೀಟರಿಗಾಗಿ ಮನೆ ಕಡೆಯ ಕಂಬವನ್ನು ಆರು ಮೀಟರ್ ಎತ್ತರಿಸಬೇಕಾಯಿತು. ಕಂಬಕ್ಕೆ ನಾಲ್ಕು ದಿಕ್ಕಿನಿಂದ ತಂತಿ ಬಿಗಿದು, ಅರ್ತಿಂಗ್ ಕೊಟ್ಟು, ಡಿಶ್‌ಅನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಾಗ ಪರದೆಯ ಮೇಲೆ ಮೈನಸ್ 62 ನಿಂತಿತು. ಮಳೆ ಸುರಿಯುತ್ತಲೇ ಇತ್ತು.

ಅಕೇಶಿಯಾ ಬೇಗ ಬೆಳೆಯುವ ಮರ. ಈಗ ಪ್ರತಿ ಮೇ ತಿಂಗಳು ದೋಟಿ, ಕೆಂಪು ಟವೆಲ್ ಮತ್ತೆ ಗುಡ್ಡ ಹತ್ತುತ್ತವೆ.